ಬಾಲದ ಮೇಲಿನ ನಂಬರ್

ಮೂರು ವಾರದಿಂದ ನಮ್ಮ ಊಟದ ಮೇಜಿನ ತುದಿಯಲ್ಲಿ ಒಂದು ಮಿಸ್ಟೇರ್ ನಿಂತಿದೆ. ಫ್ರಾನ್ಸಿನ ಡಸಾಲ್ಟ್ ಕಂಪನಿಯ ಮಿಸ್ಟೇರ್ 4ಎ ಯುದ್ಧವಿಮಾನದ ಮಾಡೆಲ್. 1/72 ಅಳತೆ, ಒಂದು ಗೇಣು ಉದ್ದ. ಬಣ್ಣ ಮುಗಿದಿದೆ, ಡೆಕಾಲ್ ಬಾಕಿ. ಫೋಟೊ ನೋಡಿದ ಗೆಳೆಯರೊಬ್ಬರು "ಇನ್ನೂ ಸ್ಟಿಕ್ಕರ್ ಅಂಟಿಸಿಲ್ವಾ? ಐದು ನಿಮಿಷದ ಕೆಲಸ ಅಲ್ವಾ?" ಅಂತ ಕೇಳಿದರು. ಒಂದು ಸಾಲಿನ ಉತ್ತರ ಬರೆಯೋಣ ಅಂತ ಕೂತೆ. ಅದು ಇಷ್ಟುದ್ದ ಬೆಳೆಯಿತು.

ಮೊದಲು, ಡೆಕಾಲ್ ಸ್ಟಿಕ್ಕರ್ ಅಲ್ಲ. ಕಾಗದದ ಮೇಲೆ ನೀರಿಗೆ ಕರಗುವ ಅಂಟು, ಅದರ ಮೇಲೆ ತೆಳ್ಳಗಿನ ಪಾರದರ್ಶಕ ಪದರ, ಅದರ ಮೇಲೆ ಶಾಯಿ. ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಚಿತ್ರ ಕಾಗದದಿಂದ ಸಡಿಲವಾಗುತ್ತದೆ. ಆಗ ಬ್ರಷ್‌ನಿಂದ ಮೆಲ್ಲಗೆ ಜಾರಿಸಿ ವಿಮಾನದ ಮೇಲೆ ಕೂರಿಸಬೇಕು. ಸರಿಯಾಗಿ ಕೂತರೆ ಅದು ಅಂಟಿಸಿದ್ದು ಅಂತ ಗೊತ್ತೇ ಆಗಬಾರದು, ಬಣ್ಣದಲ್ಲಿ ಬರೆದ ಹಾಗೆ ಕಾಣಬೇಕು.

ಇದಕ್ಕೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು ಅಂದರೆ, ಪ್ಲಾಸ್ಟಿಕ್ ಎಲ್ಲಕ್ಕೂ ಒಂದೇ. ಮಿಸ್ಟೇರ್ 4ಎ ವಿಮಾನವನ್ನು ಫ್ರಾನ್ಸ್ ಹಾರಿಸಿತು, ಇಸ್ರೇಲ್ ಹಾರಿಸಿತು, ನಾವೂ ಹಾರಿಸಿದೆವು. ರೆಕ್ಕೆಯೂ ಅದೇ, ಮೂಗೂ ಅದೇ. ಅದು ಯಾರ ವಿಮಾನ ಅಂತ ಹೇಳುವುದು ಆ ದುಂಡನೆಯ ಗುರುತು, ಬಾಲದ ಪಟ್ಟಿ, ಆ ನಂಬರ್.

ನನ್ನ ಮೇಜಿನ ಮೇಲಿರುವುದು ನಮ್ಮ ವಾಯುಪಡೆಯ ನಂಬರ್ 1 ಸ್ಕ್ವಾಡ್ರನ್ನಿನ ಮಿಸ್ಟೇರ್. ಆ ತುಕಡಿಯ ಹೆಸರು ಟೈಗರ್ಸ್. ಕೊಡಗಿನವರಿಗೆ ಇಷ್ಟು ಹೇಳಿದರೆ ಸಾಕು, ಅಜ್ಜಮಾಡ ದೇವಯ್ಯ ನೆನಪಾಗುತ್ತಾರೆ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ದಾಟದೆ ಓಡಾಡಿದವರು ಯಾರಿದ್ದಾರೆ? 1965ರ ಸೆಪ್ಟೆಂಬರ್ 7. ಪಂಜಾಬಿನ ಆದಂಪುರ ವಾಯುನೆಲೆಯಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಮಿಸ್ಟೇರ್‌ಗಳು ಹೊರಟವು. ದೇವಯ್ಯ ಆ ದಿನ ಕಾಯ್ದಿರಿಸಿದ ಪೈಲಟ್. ಒಂದು ವಿಮಾನ ಹೋಗಲು ಆಗದಿದ್ದಾಗ ಅದರ ಜಾಗಕ್ಕೆ ಇವರು ಹೋದರು. ಹಿಂದಿರುಗುವಾಗ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಎದುರಾಯಿತು. ಅದು ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗಬಲ್ಲ ವಿಮಾನ. ಮಿಸ್ಟೇರ್ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಏಟು ತಿಂದ ಮಿಸ್ಟೇರ್ ತಿರುಗಿ ನಿಂತು ಸ್ಟಾರ್‌ಫೈಟರ್ ಅನ್ನು ಕೆಡವಿತು. ಅದರ ಪೈಲಟ್ ಹಾರಿ ಬದುಕಿಕೊಂಡರು. ದೇವಯ್ಯ ಬರಲಿಲ್ಲ. ಅವರು ಏನು ಮಾಡಿದರು ಅಂತ ಭಾರತದಲ್ಲಿ ಯಾರಿಗೂ ತಿಳಿದಿರಲಿಲ್ಲ. 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ಕಡೆಯ ವಿವರ ಬರೆದ ಮೇಲೆ ವಿಷಯ ಹೊರಬಂತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ.

ಅಷ್ಟು ವರ್ಷ ಗುರುತೇ ಇಲ್ಲದೆ ಉಳಿದ ಮನುಷ್ಯನ ವಿಮಾನಕ್ಕೆ ನಾನು ಯಾವುದೋ ಒಂದು ಗುರುತು ಅಂಟಿಸಿ "ಆಯ್ತು" ಅನ್ನಲಾರೆ.

ಈಗ ಕೇಸರಿಯ ಮಾತು. ನಮ್ಮ ವಾಯುಪಡೆಯ ದುಂಡನೆಯ ಗುರುತಿನಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಇದು 1950ರಿಂದ ಬಂದದ್ದು. ಅದಕ್ಕೂ ಮೊದಲು, ಸ್ವಾತಂತ್ರ್ಯದ ನಂತರದ ಎರಡು ಮೂರು ವರ್ಷ, ಅಶೋಕ ಚಕ್ರವೇ ಗುರುತಾಗಿತ್ತು. ಅದಕ್ಕೂ ಹಿಂದೆ ಬ್ರಿಟಿಷರ ಗುರುತು. ಎರಡನೇ ಮಹಾಯುದ್ಧದಲ್ಲಿ ಅದರ ನಡುವಿನ ಕೆಂಪು ಚುಕ್ಕೆಯನ್ನೂ ಪೂರ್ವದ ಕಡೆ ತೆಗೆದುಬಿಟ್ಟರು, ಜಪಾನಿನ ಕೆಂಪು ಸೂರ್ಯ ಅಂತ ಯಾರಾದರೂ ತಪ್ಪು ತಿಳಿದು ಗುಂಡು ಹಾರಿಸಬಾರದು ಅಂತ. ಒಂದು ಚುಕ್ಕೆ ಬಣ್ಣಕ್ಕೆ ಪ್ರಾಣದ ಬೆಲೆ ಇತ್ತು.

ಆದರೆ ಅಗ್ಗದ ಡೆಕಾಲ್ ಶೀಟ್‌ಗಳಲ್ಲಿ ಬರುವ ಕೇಸರಿ ನೋಡಿ. ಒಂದರಲ್ಲಿ ಟೊಮೆಟೊ ಕೆಂಪು, ಇನ್ನೊಂದರಲ್ಲಿ ಅರಿಶಿನ. ಭೂತಗನ್ನಡಿ ಹಿಡಿದರೆ ಹಳದಿ ಮತ್ತು ಕೆಂಪು ಚುಕ್ಕೆಗಳು ಬೇರೆ ಬೇರೆಯಾಗಿ ಕಾಣುತ್ತವೆ, ಪತ್ರಿಕೆಯ ಫೋಟೊ ಹಾಗೆ. ಒಳ್ಳೆಯ ಮುದ್ರಣದಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಶಾಯಿ, ಅಡಿಯಲ್ಲಿ ಗಟ್ಟಿ ಬಿಳಿ. ಆ ಬಿಳಿ ತೆಳುವಾದರೆ ವಿಮಾನದ ಕಡುಹಸಿರು ಕೇಸರಿಯ ಮೂಲಕ ಇಣುಕುತ್ತದೆ. ಇಟಲಿಯ ಕಾರ್ಟೊಗ್ರಾಫ್ ಕಂಪನಿ ಮುದ್ರಿಸಿದ ಶೀಟ್ ಒಮ್ಮೆ ಬಳಸಿದ ಮೇಲೆ ವ್ಯತ್ಯಾಸ ಏನು ಅಂತ ಗೊತ್ತಾಯಿತು.

ಹೋದ ವರ್ಷ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಮನೆಗೆ ಬಂದಿದ್ದ ದೊಡ್ಡಪ್ಪ, ತೋಕ್‌ಪೂ ಹೂವು ಇಟ್ಟ ಕೋವಿಯ ಪಕ್ಕದ ಶೆಲ್ಫಿನಲ್ಲಿದ್ದ ನನ್ನ ಮಿಗ್-21 ಎತ್ತಿಕೊಂಡರು. ಅವರು ವಾಯುಪಡೆಯಲ್ಲಿ ಏರ್‌ಮನ್ ಆಗಿದ್ದವರು. ಪೈಲಟ್ ಅಲ್ಲ, ವಿಮಾನದ ಹೊಟ್ಟೆಯ ಕೆಳಗೆ ಮಲಗಿ ಕೆಲಸ ಮಾಡಿದವರು. ಕನ್ನಡಕ ಮೇಲೆತ್ತಿ ನೋಡಿದರು. "ಚೆನ್ನಾಗಿದೆ. ಆದರೆ ಬರಹ ಎಲ್ಲಿ?" ಅಂದರು.

ಬರಹ ಅಂದರೆ ಸ್ಟೆನ್ಸಿಲ್. ಇಲ್ಲಿ ಕಾಲಿಡಬೇಡಿ, ಇಲ್ಲಿ ಜ್ಯಾಕ್ ಕೊಡಿ, ಇಲ್ಲಿ ಇಂಧನ ತುಂಬಿ, ಕಾಕ್‌ಪಿಟ್ ಪಕ್ಕದ ಕೆಂಪು ತ್ರಿಕೋನದ ಸೀಟು ಸಿಡಿಯುವ ಎಚ್ಚರಿಕೆ. ಡೆಕಾಲ್ ಶೀಟ್‌ನಲ್ಲಿ ಇವೇ ಜಾಸ್ತಿ. ಕೆಲವು ಸಾಸಿವೆ ಕಾಳಿನಷ್ಟಿರುತ್ತವೆ. ಬೇಸರವಾಗಿ ನಾನು ಅರ್ಧ ಬಿಟ್ಟಿದ್ದೆ. ದೊಡ್ಡಪ್ಪ ಹೇಳಿದರು: "ಇದನ್ನ ಓದೋದು ಪೈಲಟ್ ಅಲ್ಲ ಮಗಾ, ನಾವು. ಮಳೆಯಲ್ಲಿ, ಕತ್ತಲಲ್ಲಿ, ಟಾರ್ಚ್ ಹಿಡಿದು ಓದ್ತಿದ್ವಿ." ಆಮೇಲೆ ನಾನು ಒಂದು ಸ್ಟೆನ್ಸಿಲ್ ಕೂಡ ಬಿಟ್ಟಿಲ್ಲ. ಕೊಡಗಿನಲ್ಲಿ ಜನರಲ್‌ಗಳ ಹೆಸರು ಎಲ್ಲರಿಗೂ ಗೊತ್ತು, ಗೊತ್ತಿರಲೂ ಬೇಕು. ಆದರೆ ಅರ್ಧ ಊರಿನ ಮನೆಗಳಿಂದ ಹೋದವರು ದೊಡ್ಡಪ್ಪನಂಥವರು. ವಿಮಾನದ ಮೇಲೆ ಅವರಿಗಾಗಿ ಬರೆದಿರುವುದು ಆ ಸಾಸಿವೆ ಕಾಳಿನಷ್ಟು ಅಕ್ಷರ ಮಾತ್ರ.

ಮೂರು ವಾರ ಯಾಕಾಯಿತು ಅನ್ನೋದಕ್ಕೆ ಇನ್ನೊಂದು ಕಾರಣ ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆ. ಡೆಕಾಲ್ ಕೂರಲು ಮೇಲ್ಮೈ ಕನ್ನಡಿಯಂತೆ ನುಣುಪಾಗಿರಬೇಕು. ಮ್ಯಾಟ್ ಬಣ್ಣ ಕಣ್ಣಿಗೆ ನುಣುಪು ಕಂಡರೂ ಒರಟು. ಅದರ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡರೆ ಪದರ ಬೆಳ್ಳಗೆ ಹೊಳೆಯುತ್ತದೆ. ಇದನ್ನೇ ಸಿಲ್ವರಿಂಗ್ ಅನ್ನುತ್ತಾರೆ. ಅದಕ್ಕೆ ಮೊದಲು ಗ್ಲಾಸ್ ಕೋಟ್, ಅಂದರೆ ಹೊಳಪಿನ ಪದರ, ಹೊಡೆಯಬೇಕು. ಈ ತೇವದಲ್ಲಿ ಲ್ಯಾಕರ್ ಸ್ಪ್ರೇ ಮಾಡಿದರೆ ಅದೇ ಮಂಜು ಕವಿದ ಹಾಗೆ ಬಿಳಿಚಿಕೊಳ್ಳುತ್ತದೆ. ನನ್ನದೊಂದು ರೆಕ್ಕೆ ಹಾಗೇ ಹಾಳಾಯಿತು, ಉಜ್ಜಿ ಮತ್ತೆ ಮಾಡಿದೆ. ಈಗ ಕಾಫಿ ಒಣಗಿಸುವವರ ಹಾಗೆ ಆಕಾಶ ನೋಡಿಕೊಂಡು ಕೂರುತ್ತೇನೆ. ಮಳೆ ಬಿಟ್ಟ ಮಧ್ಯಾಹ್ನ ಸ್ಪ್ರೇ. ಎರಡು ದಿನ ಒಣಗಲು. ಆಮೇಲೆ ನೀಲಿ ಲೇಬಲ್ಲಿನ ಮೈಕ್ರೋ ಸೆಟ್ ಅನ್ನುವ ದ್ರವ ಸವರಿ ಡೆಕಾಲ್ ಕೂರಿಸುವುದು, ಅದಕ್ಕೆ ವಿನೆಗರ್ ವಾಸನೆ. ಮೇಲೆ ಕೆಂಪು ಲೇಬಲ್ಲಿನ ಮೈಕ್ರೋ ಸಾಲ್. ಅದು ಬಿದ್ದ ಕೂಡಲೇ ಡೆಕಾಲ್ ಸುಕ್ಕಾಗುತ್ತದೆ. ಹೊಸಬರು ಹೆದರಿ ಬೆರಳು ಇಡುತ್ತಾರೆ, ಹರಿಯುತ್ತದೆ. ಮುಟ್ಟಬೇಡಿ. ಅದು ಮೆತ್ತಗಾಗಿ ಪ್ಯಾನೆಲ್ ಗೆರೆಗಳ ಒಳಗೆ ಇಳಿದು ತಾನಾಗಿ ಚಪ್ಪಟೆಯಾಗುತ್ತದೆ.

"ಒಂದು ನಂಬರ್ ಆಚೀಚೆ ಆದರೆ ಯಾರು ನೋಡ್ತಾರೆ?" ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ನಂಬರ್ ಸುಮ್ನೆ ಅಲಂಕಾರ ಅಲ್ಲ. ಮಿಸ್ಟೇರ್‌ಗೆ ಐಎ, ಹಂಟರ್‌ಗೆ ಬಿಎ, ಮಿಗ್-21 ಎಫ್‌ಎಲ್‌ಗೆ ಸಿ ಅಂತ ಶುರುವಾಗುತ್ತದೆ. ಉಳಿದ ಅಂಕಿ ಆ ಒಂದೇ ವಿಮಾನದ್ದು. 1971ರ ಹೊತ್ತಿಗೆ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ಮಿಗ್-21ಗಳಿಗೆ ಸ್ಕ್ವಾಡ್ರನ್‌ಗಳಲ್ಲೇ ಆತುರದಲ್ಲಿ ಬಣ್ಣ ಬಳಿದರು. ಒಂದರ ಹಾಗೆ ಇನ್ನೊಂದಿಲ್ಲ. ನಂಬರ್ ತಪ್ಪಿದರೆ ನೀವು ಬಳಿದ ಬಣ್ಣವೂ ತಪ್ಪು. ಹಾಗೆಯೇ, ಎಲ್ಲೇ ಆಗಲಿ, ಹೊರಗೆ ಪ್ರದರ್ಶನಕ್ಕೆ ನಿಲ್ಲಿಸಿದ ವಿಮಾನ ನೋಡಿ ಡೆಕಾಲ್ ಹಾಕಬೇಡಿ. ಬಿಸಿಲು ಮಳೆಗೆ ಮಾಸಿದಾಗ ಮತ್ತೆ ಬಣ್ಣ ಹೊಡೆಯುತ್ತಾರೆ. ಆಗ ಸಣ್ಣ ಬರಹಗಳು ಮುಚ್ಚಿಹೋಗುತ್ತವೆ, ಗುರುತಿನ ಅಳತೆ ಬದಲಾಗುತ್ತದೆ. ಮಡಿಕೇರಿಯ ಸನ್ನಿಸೈಡ್‌ನಲ್ಲಿ, ಜನರಲ್ ತಿಮ್ಮಯ್ಯನವರ ಮನೆಯ ಮ್ಯೂಸಿಯಂನಲ್ಲಿ ನಿಂತ ಮಿಗ್ ನೋಡಲು ನಾನೂ ಹೋಗುತ್ತೇನೆ. ಅದರ ಗಾತ್ರ, ಬೆನ್ನಿನ ತಿರುವು ಕಣ್ಣಲ್ಲಿ ತುಂಬಿಕೊಳ್ಳಲು ಅದಕ್ಕಿಂತ ಬೇರೆ ದಾರಿ ಇಲ್ಲ. ಗುರುತುಗಳಿಗೆ ಮಾತ್ರ ಆ ಕಾಲದ ಫೋಟೊ ಬೇಕು.

ಇದರ ನಂತರ ಹಂಟರ್. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ 1965ರ ಸೆಪ್ಟೆಂಬರ್ 22ರಂದು ಹಾರಿಸಿ ಪಾಕಿಸ್ತಾನಕ್ಕೆ ಸೆರೆ ಸಿಕ್ಕ 20ನೇ ಸ್ಕ್ವಾಡ್ರನ್ನಿನ ಹಂಟರ್. ಕಿಟ್ ಆಗಲೇ ಅಟ್ಟದ ಮೇಲಿದೆ.

ಮಿಸ್ಟೇರ್‌ನ ಬಲರೆಕ್ಕೆಗೆ ನಿನ್ನೆ ರಾತ್ರಿ ಮೊದಲ ಗುರುತು ಕೂತಿತು. ಬೆಳಿಗ್ಗೆ ಲೈಟ್ ಹಿಡಿದು ನೋಡಿದೆ, ಸಿಲ್ವರಿಂಗ್ ಇಲ್ಲ. ಸೆಪ್ಟೆಂಬರ್ 7ರ ಒಳಗೆ ಉಳಿದದ್ದು ಮುಗಿಯುತ್ತದೆ. ಬಾಕ್ಸ್‌ನಲ್ಲಿ ಬಂದ ಶೀಟ್‌ನಲ್ಲಿ ಒಂದು ಐಎ ನಂಬರ್ ಇದೆ, ಚೆಂದವಾಗಿಯೇ ಮುದ್ರಿಸಿದ್ದಾರೆ. ಅದನ್ನು ನಾನು ಹಾಕುತ್ತಿಲ್ಲ. ಆ ದಿನದ್ದೇ ಅನ್ನುವ ಫೋಟೊ ಅಥವಾ ದಾಖಲೆ ಕೈಗೆ ಬರುವವರೆಗೆ ನಂಬರಿನ ಜಾಗ ಖಾಲಿ ಇರುತ್ತದೆ. ನಿಮ್ಮ ಐನ್‌ಮನೆಯ, ಅಂದರೆ ಕುಟುಂಬದ ಮೂಲ ಮನೆಯ, ಗೋಡೆಯಲ್ಲೋ, ಹಳೆ ಟ್ರಂಕಿನಲ್ಲೋ ಆದಂಪುರದ ಆ ಕಾಲದ ಫೋಟೊ ಇದ್ದರೆ, ಮೂಲೆಯಲ್ಲಿ ಬಾಲದ ತುದಿಯಷ್ಟೇ ಕಂಡರೂ ಸರಿ, ದಯವಿಟ್ಟು ನನಗೆ ತೋರಿಸಿ.