ಸ್ಪಷ್ಟನೆ: ನಡೆದರೆ ಮಂಡಿ ಸವೆಯುವುದಿಲ್ಲ

“ಅರವತ್ತು ದಾಟಿದ ಹೆಂಗಸರು ನಡೆದಷ್ಟೂ ಮಂಡಿ ಸವೆಯುತ್ತದೆ, ಕೂತಿರುವುದೇ ಒಳ್ಳೆಯದು” ಎಂಬ ವಾಟ್ಸಾಪ್ ಸಂದೇಶ ಸಾಗರ, ತೀರ್ಥಹಳ್ಳಿ ಕಡೆ ಓಡಾಡುತ್ತಿದೆ. ಇದು ತಪ್ಪು. ಇದನ್ನು ನಂಬಿ ಮನೆಯವರೂ “ಸುಮ್ನೆ ಕೂತ್ಕೋ ಅಮ್ಮ” ಅನ್ನುತ್ತಾರೆ, ಅದೇ ಬೇಜಾರು.

ಮಂಡಿಯ ಮೃದ್ವಸ್ಥಿಗೆ, ಅಂದರೆ ಮೂಳೆ ತುದಿಯ ನುಣುಪಾದ ಮೆತ್ತೆಗೆ, ರಕ್ತನಾಳವೇ ಇಲ್ಲ. ಕಾಲು ಆಡಿದಾಗ ಕೀಲಿನೊಳಗಿನ ದ್ರವದಿಂದ ಅದಕ್ಕೆ ಪೋಷಣೆ ಸಿಗುತ್ತದೆ. ಕೂತೇ ಇದ್ದರೆ ತೊಡೆಯ ಸ್ನಾಯು ಸೊರಗಿ ಮಂಡಿಗೆ ಆಸರೆ ಕಡಿಮೆಯಾಗುತ್ತದೆ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಟೊಳ್ಳಾಗುವುದು ನಿಜ. ಅದಕ್ಕೇ ಓಡಾಟ ಇನ್ನೂ ಬೇಕು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ, 65 ದಾಟಿದವರಿಗೂ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಬೇಕು ಎಂದಿದೆ. ಹತ್ತು ನಿಮಿಷದಿಂದ ಶುರು ಮಾಡಿದರೂ ಆಯಿತು.

ಅಡಿಕೆ ಸುಲಿಯಲು ಗಂಟೆಗಟ್ಟಲೆ ಮೆಟ್ಟುಗತ್ತಿ ಮುಂದೆ ಕೂತು ಏಳುವಾಗ ಮಂಡಿ ಹಿಡಿಯುತ್ತದೆ ಅಲ್ವಾ? ಅದು ನಡೆದದ್ದಕ್ಕಲ್ಲ, ಕೂತದ್ದಕ್ಕೆ. ನಡುನಡುವೆ ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ ಬೇಡ, ಜಗಲಿಯಲ್ಲೇ ನಡೆಯಿರಿ.

ಮಂಡಿ ಊದಿ ಬಿಸಿಯಾಗಿದ್ದರೆ, ನಡೆಯುವಾಗ ಎದೆ ಹಿಡಿದರೆ ಮೊದಲು ಡಾಕ್ಟರಿಗೆ ತೋರಿಸಿ.