ಓಟಿಲ್ಲದವರು ಪ್ರಶ್ನೆ ಕೇಳಬಾರದಾ?

"ನೀವು ಇಲ್ಲಿನ ವೋಟರ್ ಲಿಸ್ಟ್‌ನಲ್ಲಿ ಇದ್ದೀರಾ?"

ನನ್ನ ಪ್ರಶ್ನೆಗೆ ಇಲ್ಲಿ ಆಸ್ಟ್ರೇಲಿಯಾದ ಎಂಪಿ ಕೊಟ್ಟ ಉತ್ತರ ಇದು. ಇಲ್ಲ, ಸ್ಟೂಡೆಂಟ್ ವೀಸಾ ಅಂದೆ. ಮುಖದ ನಗು ಹಾಗೇ ಇತ್ತು. ಕಣ್ಣು ಮಾತ್ರ ನನ್ನ ಹಿಂದೆ ನಿಂತಿದ್ದ ಹೆಂಗಸಿನ ಕಡೆ ಹೋಯಿತು. ನನಗೆ ಅಂತ ಚಾಚಿದ್ದ ಕರಪತ್ರವನ್ನೂ ಆಕೆಗೇ ಕೊಟ್ಟರು. ಪಕ್ಕದಲ್ಲಿದ್ದ ಹುಡುಗ ನನ್ನನ್ನು ಮೆಲ್ಲಗೆ ಬದಿಗೆ ಸರಿಸಿದ. ಶಾಪಿಂಗ್ ಸೆಂಟರ್ ಮುಂದೆ, ಅಷ್ಟು ಜನರ ಎದುರು. ಒಂದು ಮಾತೂ ಬಾಯಿಂದ ಬರಲಿಲ್ಲ.

ನಾನು ಕೇಳಿದ್ದು ಇಷ್ಟೇ. 2011ರಲ್ಲಿ ಎಸ್‌ಎಸ್‌ಎಎಫ್ (ಯೂನಿವರ್ಸಿಟಿಗಳು ವಿದ್ಯಾರ್ಥಿಗಳಿಂದ ತೆಗೆದುಕೊಳ್ಳುವ ಸೇವೆ-ಸೌಲಭ್ಯಗಳ ಫೀಸು) ಮಸೂದೆ ಬಂದಾಗ ನೀವು ಬೇಡ ಅಂತ ಓಟು ಹಾಕಿದ್ದೀರಿ. ಈಗ ಅದೇ ದುಡ್ಡಲ್ಲಿ ನಡೆಯುವ ಕ್ಯಾಂಪಸ್ ಕಾರ್ಯಕ್ರಮಕ್ಕೆ ಬಂದು ಫೋಟೊ ತೆಗೆಸಿಕೊಳ್ಳುತ್ತೀರಿ. ಈ ಫೀಸು ಇರಬೇಕಾ, ಬೇಡವಾ?

ಅದಕ್ಕೂ ಮೊದಲು, 2005ರಲ್ಲಿ, ಆಗಿನ ಪ್ರಧಾನಿ ಹೋವರ್ಡ್ ಸರ್ಕಾರ ಕಡ್ಡಾಯ ವಿದ್ಯಾರ್ಥಿ ಯೂನಿಯನ್ ಫೀಸನ್ನೇ ತೆಗೆದು ಹಾಕಿತು. ಆಗ ಆಡಳಿತ ಪಕ್ಷದ ಕಡೆಯ ಸೆನೆಟರ್ ಬಾರ್ನಬಿ ಜಾಯ್ಸ್ ಸೆನೆಟ್‌ನಲ್ಲಿ (ಮೇಲ್ಮನೆಯಲ್ಲಿ) ತಮ್ಮದೇ ಮೈತ್ರಿಕೂಟದ ವಿರುದ್ಧ ಓಟು ಹಾಕಿದರು. ಸಣ್ಣ ಊರುಗಳ ಕ್ಯಾಂಪಸ್‌ನಲ್ಲಿ ಆಟದ ಸೌಲಭ್ಯ ಹಾಳಾಗುತ್ತದೆ ಅಂತ ಬಾಯಿಬಿಟ್ಟು ಕಾರಣವನ್ನೂ ಹೇಳಿದರು. ಕೊನೆಗೆ ಬೇರೆ ಪಕ್ಷದ ಸೆನೆಟರ್ ಸ್ಟೀವ್ ಫೀಲ್ಡಿಂಗ್ ಓಟಿನಿಂದ ಮಸೂದೆ ಪಾಸಾಯಿತು, ಅದು ಬೇರೆ ಮಾತು. ಹಾಕಿದ ಓಟಿಗೆ ಒಂದು ಕಾರಣ ಹೇಳಲು ಈ ಎಂಪಿಗೆ ಏನು ಕಷ್ಟ?

ಫೀಸೇ ಬೇಡ ಅಂತ ನಾನೇನೂ ಹೇಳುತ್ತಿಲ್ಲ. ಮನೆ ಓನರ್ ಬಾಂಡ್ (ಬಾಡಿಗೆ ಅಡ್ವಾನ್ಸ್) ದುಡ್ಡು ಹಿಡಿದಿಟ್ಟುಕೊಂಡಾಗ ನನ್ನ ರೂಮ್‌ಮೇಟ್‌ಗೆ ಕಾನೂನು ಸಲಹೆ ಸಿಕ್ಕಿದ್ದು ಇದೇ ದುಡ್ಡಿಂದ. ಆದರೆ 2025ರಲ್ಲಿ ಇದರ ಗರಿಷ್ಠ ಮೊತ್ತ 365 ಡಾಲರ್. ಆಸ್ಟ್ರೇಲಿಯಾದ ಹುಡುಗರು ಅದನ್ನು ಎಸ್‌ಎ-ಹೆಲ್ಪ್ ಅನ್ನುವ ಸರ್ಕಾರಿ ಸಾಲಕ್ಕೆ ಸೇರಿಸಿ, ಸಂಬಳ ಬರುವಾಗ ತೀರಿಸಬಹುದು. ನಮಗೆ ಆ ಸಾಲ ಇಲ್ಲ. ನನ್ನ ಯೂನಿವರ್ಸಿಟಿಯಲ್ಲಿ ನಾವು ಹೇಳಿದ ತಾರೀಖಿನೊಳಗೆ ಕೈಯಿಂದ ಕಟ್ಟಬೇಕು. ಊರಲ್ಲಿ ಅಪ್ಪ ಮನೆ ಪತ್ರ ಅಡ ಇಟ್ಟು ತೆಗೆದ ಸಾಲದಿಂದ ಕಟ್ಟುತ್ತಿದ್ದೇನೆ.

ಹೋಗಲಿ ಬಿಡಿ. ಬೇರೆ ದೇಶ, ನಮಗೆ ಓಟಿಲ್ಲ, ಅದು ನ್ಯಾಯವೇ. ಓಟು ಹಾಕಿದವರಿಗೆ ಮೊದಲು ಉತ್ತರ ಕೊಡಲಿ. ಓದು ಮುಗಿಸಿ ನಮ್ಮ ಪಾಡಿಗೆ ನಾವು ಇದ್ದುಬಿಡೋಣ.

ಇಲ್ಲ, ಬಿಡಲು ಆಗುತ್ತಿಲ್ಲ! ಈ ಎಂಪಿಗಳು ಪಾರ್ಲಿಮೆಂಟಿನಲ್ಲಿ ಹಾಕುವ ಒಂದೊಂದು ಓಟೂ ಬೀಳುವುದು ನನ್ನ ದುಡ್ಡಿನ ಮೇಲೆ. ಫೀಸು ಕಟ್ಟುವಾಗ ಯಾರೂ ವೋಟರ್ ಲಿಸ್ಟ್ ಕೇಳಲಿಲ್ಲ ಅಲ್ವಾ? ಈಗ ಕನಿಷ್ಠ ಶೇ. 40ರಷ್ಟು ದುಡ್ಡು ವಿದ್ಯಾರ್ಥಿಗಳೇ ನಡೆಸುವ ಸಂಘಗಳಿಗೆ ಹೋಗಬೇಕು ಅಂತ ಕಾನೂನು ಬಂದಿದೆ. ಅದನ್ನು ಇವರು ಉಳಿಸುತ್ತಾರಾ, ಕಿತ್ತು ಹಾಕುತ್ತಾರಾ?

ಇಲ್ಲಿ ಸಿಟಿಜನ್ ಆಗಿರುವ ಕನ್ನಡದವರು ತುಂಬಾ ಜನ ಇದ್ದೀರಿ. ದಯವಿಟ್ಟು ಯಾರಾದರೂ ನಿಮ್ಮ ಎಂಪಿ ಆಫೀಸಿಗೆ ಫೋನ್ ಮಾಡಿ ಇದನ್ನು ಕೇಳಿ. ಏನು ಹೇಳಿದರು ಅಂತ ಕೆಳಗೆ ಬರೆಯಿರಿ.