ಒಂದು ಟೈರಿಗೆ ಆರು ಟನ್ ಕಬ್ಬು

ಬಾಗಲಕೋಟೆ ಜಿಲ್ಲೆಯಲ್ಲಿ ಹಣದ ಲೆಕ್ಕವನ್ನು ರೂಪಾಯಿಯಲ್ಲಿ ಹೇಳಿದರೆ ಯಾರ ಎದೆಗೂ ಮುಟ್ಟುವುದಿಲ್ಲ, ಟನ್ನಿನಲ್ಲಿ ಹೇಳಬೇಕು. 2025ರ ನವೆಂಬರಿನಲ್ಲಿ ರೈತರು ರಸ್ತೆಗೆ ಇಳಿದು ಹೋರಾಡಿದ ಮೇಲೆ ಸರ್ಕಾರ ಟನ್ ಕಬ್ಬಿಗೆ 3,300 ರೂಪಾಯಿ ಎಂದಿತು. ಅದೇ ದರ ಹಿಡಿದು ಮಾತಾಡೋಣ. ಮುಧೋಳ ಕಡೆಯ ತರುಣನೊಬ್ಬ 50 ಲಕ್ಷದ ಕಾರು ತಂದಿದ್ದಾನೆ. ಗಂಟೆಗೆ 250 ಕಿಲೋಮೀಟರ್ ಓಡುತ್ತದಂತೆ. ಬೆಲೆಯೆಂದರೆ ಸಾವಿರದ ಐನೂರು ಟನ್ ಕಬ್ಬು. ಅದೂ ಕಾರ್ಖಾನೆಯವರು ಬಿಲ್ ಕೊಟ್ಟರೆ.

ಇದು ಷೋರೂಮಿನ ಹೊಸ್ತಿಲೊಳಗಿನ ಬೆಲೆ. ಹೊಸ್ತಿಲು ದಾಟಿದರೆ ತೆರಿಗೆ. 20 ಲಕ್ಷ ಮೀರಿದ ಕಾರಿಗೆ ಕರ್ನಾಟಕದಲ್ಲಿ ಶೇ 18, ಅದರ ಮೇಲೆ ಸೆಸ್. ಹೀಗೆ ರಸ್ತೆ ತೆರಿಗೆಯೆಂದೇ ಒಂಬತ್ತು ಲಕ್ಷಕ್ಕೂ ಹೆಚ್ಚು ಕಟ್ಟಿದ ಮಹನೀಯನಿಗೆ ಸಿಕ್ಕಿದ್ದು ಉಬ್ಬು. ರಸ್ತೆ ಉಬ್ಬು ಹತ್ತು ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುತ್ತದೆ. ನಮ್ಮ ಕಡೆ ಗುತ್ತಿಗೆದಾರ ಮಿಕ್ಕ ಡಾಂಬರಿನ ಅಳತೆಗೆ ಹಾಕುತ್ತಾನೆ. ಇಂಥ ರಸ್ತೆಗೆಂದು ತರುಣ ಮಾಡಿಸಿದ ಮೊದಲ ಸುಧಾರಣೆ, ಕಾರನ್ನು ಇನ್ನೂ ಎರಡು ಇಂಚು ತಗ್ಗಿಸಿದ್ದು! ಈಗ ಉಬ್ಬು ಬಂದರೆ ಗೆಳೆಯರು ಮೂವರೂ ಕೆಳಗಿಳಿಯುತ್ತಾರೆ. ಒಬ್ಬ ಮಂಡಿಯೂರಿ ಕಾರಿನ ಹೊಟ್ಟೆ ನೋಡುತ್ತಾನೆ, ಒಬ್ಬ ಹಿಂದಿನ ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಾನೆ, ಇನ್ನೊಬ್ಬ ‘ಎಡಕ್ಕೆ, ಇನ್ನೂ ಎಡಕ್ಕೆ, ಹಾಂ, ಬರಲಿ’ ಎನ್ನುತ್ತಾನೆ. ಕಾರು ಓರೆಯಾಗಿ ದಾಟುವಷ್ಟರಲ್ಲಿ ಬಸ್ಸಿನಿಂದ ಇಳಿದ ಅಜ್ಜಿ ನಡೆದೇ ಮನೆ ಸೇರಿರುತ್ತಾಳೆ.

ಕಬ್ಬು ನುರಿಸುವ ಹಂಗಾಮು ಶುರುವಾದರೆ ಜಮಖಂಡಿ ರಸ್ತೆಯಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನದೇ ರಾಜ್ಯಭಾರ. 265 ಅಶ್ವಶಕ್ತಿಯ ಕಾರು ಅದರ ಬೆನ್ನ ಹಿಂದೆ, ಲೀಟರಿಗೆ ನೂರು ದಾಟಿದ ಪೆಟ್ರೋಲ್ ಕುಡಿಯುತ್ತ, ತೆವಳುತ್ತದೆ. ಪಕ್ಕದ ಹೊಲದ ಮುಧೋಳ ನಾಯಿ ಅದನ್ನು ಹಿಂದಿಕ್ಕಿ ಹೋಗುವಾಗ ತಿರುಗಿ ನೋಡುವ ಸೌಜನ್ಯವನ್ನೂ ತೋರುವುದಿಲ್ಲ. ತಗ್ಗಿಗೆ ಬಿದ್ದು ತೆಳುವಾದ ಟೈರು ಒಡೆದರೆ, ಆಗಲೇ ಹೇಳಿದೆನಲ್ಲ, ಆರು ಟನ್.

ಓಡದಿದ್ದರೇನು, ಸದ್ದಾದರೂ ಬೇಡವೇ? ಕಂಪನಿಯ ಸೈಲೆನ್ಸರ್ ಬಿಚ್ಚಿಸಿ, ಲಕ್ಷ ಮೀರಿದ ಇನ್ನೊಂದನ್ನು ಹಾಕಿಸಿದ. ಅಂಗಳಕ್ಕೆ ಬಂದ ಸದ್ದು ಕೇಳಿ ಅಪ್ಪ, ‘ಒಡೆದಿದೆಯಲ್ಲೋ ತಮ್ಮಾ, ಗ್ಯಾರಂಟಿ ಮುಗಿಯುವ ಮೊದಲೇ ತೋರಿಸಿಕೊಂಡು ಬಾ’ ಎಂದರು. ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಬುದ್ಧಿ ಹೇಳಿಸಿದ ದಿನವೇ ಗ್ಯಾರಂಟಿ ಹೊರಟುಹೋಗಿತ್ತು ಎಂದು ಅವರಿಗೆ ಯಾರು ಹೇಳಬೇಕು? ತಯಾರಕರು ನಮೂದಿಸಿದ ವಿವರ ಬದಲಾಗುವಂತೆ ವಾಹನ ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ತಿದ್ದುಪಡಿಯ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ದಂಡ ಬರೀ ಒಂದೂವರೆ ಟನ್! ಇಡೀ ಕಾರಿನಲ್ಲಿ ಅಗ್ಗವಾಗಿ ಕಂಡದ್ದು ಅದೊಂದೇ ಆದ್ದರಿಂದ ಇನ್ನೂ ಮೂರು ಮಾರ್ಪಾಡು ಮಾಡಿಸಿದ.

ವಿಮೆಯ ಲೆಕ್ಕದಲ್ಲಿ ನಾಲ್ಕು ವರ್ಷ ದಾಟಿದರೆ ಕಾರಿನ ಬೆಲೆ ಅರ್ಧ. ಹೊದಿಕೆ ಹೊದ್ದು ಮಲಗಿದ್ದರೂ ಏಳುನೂರೈವತ್ತು ಟನ್ ಆವಿ. ಕಡೆಗೆ ಮಾರಲು ಇಟ್ಟಾಗ ವಿಜಯಪುರದಿಂದ ಬಂದ ಗಿರಾಕಿ ಮೊದಲು ಕೇಳಿದ್ದು, ‘ಲೀಟರಿಗೆ ಎಷ್ಟು ಕೊಡುತ್ತದೆ?’ ಆಮೇಲೆ, ‘ಈ ಗದ್ದಲ ನನಗೆ ಬೇಡ, ಕಂಪನಿಯ ಸೈಲೆನ್ಸರ್ ಇದೆಯಲ್ಲ?’

ಅದನ್ನು ಅಪ್ಪ ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಕೊಟ್ಟಾಗಿತ್ತು.